ಗರ್ಭಿಣಿಗೆ ನೆಗಡಿ ಮಾತ್ರೆ ಸೇಫಾ? ಸ್ಟ್ರಿಪ್ ಯಾಕೆ ಉತ್ತರ ಕೊಡಲ್ಲ?

ವೈಟ್‌ಫೀಲ್ಡಿನ ಹೋಪ್ ಫಾರ್ಮ್ ಜಂಕ್ಷನ್ ಹತ್ತಿರದ ಒಂದು ಮೆಡಿಕಲ್ ಶಾಪ್. ಸಂಜೆ ಏಳೂವರೆ ಹೊತ್ತಿಗೆ ನಾನು ಅಲ್ಲಿ ನಿಂತಿದ್ದೆ. ನನ್ನ ಮುಂದೆ ಇಬ್ಬರು ಹೆಂಗಸರು. ಮೊದಲನೆಯವರ ಕುತ್ತಿಗೆಯಲ್ಲಿ ಕಂಪನಿ ಐಡಿ ಕಾರ್ಡ್ ಇತ್ತು. ಆರು ತಿಂಗಳಿರಬಹುದು. ಮೂಗು ಕಟ್ಟಿ ದನಿ ಪೂರ್ತಿ ಬದಲಾಗಿತ್ತು. "ಕೋಲ್ಡ್‌ಗೆ ಏನಾದ್ರೂ ಕೊಡಿ, ಪ್ರೆಗ್ನೆಂಟ್ ಇದೀನಿ, ಸೇಫ್ ಇರೋದೇ ಬೇಕು" ಅಂದರು. ಕೌಂಟರಿನ ಹುಡುಗ ತಲೆ ಎತ್ತದೆ, "ಪ್ರೆಗ್ನೆನ್ಸಿಗೆ ನಾವು ಏನೂ ಕೊಡಲ್ಲ ಮೇಡಂ, ಡಾಕ್ಟರ್ ಹತ್ರ ಚೀಟಿ ತಗೊಂಡ್ಬನ್ನಿ" ಅಂದ. ಅವರು ಬರಿಗೈಲಿ ಹೋದರು.

ಎರಡನೆಯವರು ಹೌಸ್‌ಕೀಪಿಂಗ್ ಯೂನಿಫಾರ್ಮಿನಲ್ಲಿದ್ದರು. "ಅಣ್ಣಾ, ನೆಗಡಿ ಮಾತ್ರೆ ಎರಡು ಕೊಡಣ್ಣ. ಬೇಗ, ಮನೇಲಿ ಮಗು ಹಾಲಿಗೆ ಅಳ್ತಿರುತ್ತೆ." ಹುಡುಗ ಕತ್ತರಿ ತಗೊಂಡು ಸ್ಟ್ರಿಪ್ಪಿನ ಮೂಲೆಯಿಂದ ಎರಡು ಮಾತ್ರೆ ಕತ್ತರಿಸಿ ಕೊಟ್ಟ. ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಹೆಸರು, ಅದರೊಳಗೆ ಏನಿದೆ ಅನ್ನೋದು, ಬ್ಯಾಚ್ ನಂಬರ್ ಎಲ್ಲಾ ಉಳಿದ ಸ್ಟ್ರಿಪ್ಪಿನ ಜೊತೆ ಡ್ರಾಯರಿಗೆ ವಾಪಸ್ ಹೋಯ್ತು. ಆ ತಾಯಿಯ ಕೈಗೆ ಬಂದದ್ದು ಎರಡು ಗುಳಿಗೆ ಮತ್ತು ಹರಿದ ಅಲ್ಯೂಮಿನಿಯಂ ಹಾಳೆ.

ಒಬ್ಬರಿಗೆ ಏನೂ ಸಿಗಲಿಲ್ಲ, ಇನ್ನೊಬ್ಬರಿಗೆ ಏನು ಅಂತ ಗೊತ್ತಿಲ್ಲದ್ದು ಸಿಕ್ಕಿತು. ಮಾಹಿತಿ ಇಬ್ಬರಿಗೂ ಸಿಗಲಿಲ್ಲ. ಇದಕ್ಕೆ ಆ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಅವನ ಕೈಯಲ್ಲಿದ್ದ ಸ್ಟ್ರಿಪ್ಪಿನಲ್ಲೂ ಉತ್ತರ ಇರಲಿಲ್ಲ.

ನಾನು ಓದಿದ್ದು ಎಂಜಿನಿಯರಿಂಗ್. ಹತ್ತು ರೂಪಾಯಿಯ ಒಂದು ಐಸಿಯನ್ನು ಬೋರ್ಡಿಗೆ ಹಾಕೋ ಮೊದಲು ಡೇಟಾಶೀಟ್ ತೆಗೆದು ನೋಡು, ಎಷ್ಟು ವೋಲ್ಟ್ ತಡೆಯುತ್ತೆ, ಎಷ್ಟು ಬಿಸಿಗೆ ಸುಟ್ಟುಹೋಗುತ್ತೆ ತಿಳ್ಕೋ ಅಂತ ಲ್ಯಾಬಿನಲ್ಲಿ ಬೈಸಿಕೊಂಡವರು ನಾವು. ಐಟಿಪಿಎಲ್ ಸುತ್ತ ಕೆಲಸ ಮಾಡುವ ಅರ್ಧ ಜನ ಅದೇ ಶಿಸ್ತಿನಲ್ಲಿ ಬೆಳೆದವರು. ಎರಡು ಜೀವಗಳ ಮೈಗೆ ಹೋಗುವ ಮಾತ್ರೆಗೆ ಮಾತ್ರ ನಮ್ಮಲ್ಲಿ ಡೇಟಾಶೀಟ್ ಕೇಳುವ ಅಭ್ಯಾಸ ಇಲ್ಲ. ಕೇಳಿದರೂ ಕೊಡುವವರಿಲ್ಲ.

ಮೊದಲು ಆ ಗುಳಿಗೆಯೊಳಗೆ ಏನಿರುತ್ತೆ ನೋಡೋಣ. "ನೆಗಡಿ ಮಾತ್ರೆ" ಅನ್ನೋ ಹೆಸರಿನ ಔಷಧಿ ಇಲ್ಲ. ನಮ್ಮ ಅಂಗಡಿಗಳಲ್ಲಿ ಆ ಹೆಸರಿನಲ್ಲಿ ಸಿಗೋದು ಸಾಮಾನ್ಯವಾಗಿ ಮೂರು ಔಷಧಿಗಳ ಮಿಶ್ರಣ. ಜ್ವರ, ಮೈಕೈ ನೋವಿಗೆ ಪ್ಯಾರಸಿಟಮಾಲ್ 500 ಮಿಲಿಗ್ರಾಂ. ಸೀನು, ಸುರಿಯುವ ಮೂಗಿಗೆ ಕ್ಲೋರ್‌ಫೆನಿರಮೈನ್ 2 ಮಿಲಿಗ್ರಾಂ. ಕಟ್ಟಿದ ಮೂಗಿಗೆ ಫಿನೈಲೆಫ್ರಿನ್ 5 ಅಥವಾ 10 ಮಿಲಿಗ್ರಾಂ. ಕೆಲವಕ್ಕೆ ಕೆಫೀನ್ ಕೂಡ ಸೇರಿಸಿರುತ್ತಾರೆ. ಹಾಗಾಗಿ "ಇದು ಗರ್ಭಿಣಿಗೆ ಸೇಫಾ?" ಅನ್ನುವ ಒಂದು ಪ್ರಶ್ನೆಗೆ ಮೂರು ಬೇರೆ ಬೇರೆ ಉತ್ತರ.

ಪ್ಯಾರಸಿಟಮಾಲ್ ದಶಕಗಳಿಂದ ಗರ್ಭಿಣಿಯರಿಗೆ ಜ್ವರ, ನೋವು ಬಂದಾಗ ವೈದ್ಯರ ಮೊದಲ ಆಯ್ಕೆ. ಕ್ಲೋರ್‌ಫೆನಿರಮೈನ್ ಹಳೇ ಔಷಧಿ. ನಿದ್ದೆ ಬರಿಸುತ್ತೆ, ಆದರೆ ಹುಟ್ಟುವ ಮಗುವಿನಲ್ಲಿ ಅಂಗದೋಷ ಹೆಚ್ಚಿಸುತ್ತದೆ ಅಂತ ಇಷ್ಟು ವರ್ಷಗಳ ಬಳಕೆಯಲ್ಲಿ ಕಂಡುಬಂದಿಲ್ಲ. ಅಲರ್ಜಿಗೆ ಕೊಡುವ ಸೆಟ್ರಿಜಿನ್, ಲೊರಾಟಡಿನ್ ಬಗ್ಗೆಯೂ ಇರುವ ಮಾಹಿತಿ ಧೈರ್ಯ ಕೊಡುವಂಥದ್ದೇ. ಪೇಚು ಇರೋದು ಮೂರನೆಯ ಫಿನೈಲೆಫ್ರಿನ್‌ನಲ್ಲಿ.

ಫಿನೈಲೆಫ್ರಿನ್ ರಕ್ತನಾಳಗಳನ್ನು ಬಿಗಿಮಾಡುತ್ತದೆ. ಮೂಗಿನ ಒಳಗಿನ ಊತ ಇಳಿಯಲಿ ಅನ್ನೋದು ಉದ್ದೇಶ. ಆದರೆ ನುಂಗಿದ ಮಾತ್ರೆ ಮೂಗನ್ನು ಮುಟ್ಟುವ ಮೊದಲೇ ಕರುಳು ಮತ್ತು ಪಿತ್ತಜನಕಾಂಗ ಅದರ ಬಹುಪಾಲನ್ನು ಒಡೆದುಹಾಕುತ್ತವೆ. 2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಎಫ್‌ಡಿಎ ನೇಮಿಸಿದ ಸಲಹಾ ಸಮಿತಿಯ ಹದಿನಾರೂ ಸದಸ್ಯರು, ಬಾಯಿಂದ ತಗೊಂಡ ಫಿನೈಲೆಫ್ರಿನ್ ಕಟ್ಟಿದ ಮೂಗಿಗೆ ಕೆಲಸ ಮಾಡುತ್ತದೆ ಅನ್ನೋಕೆ ಆಧಾರವಿಲ್ಲ ಅಂತ ಒಮ್ಮತದಿಂದ ಹೇಳಿದರು. 2024ರ ನವೆಂಬರಿನಲ್ಲಿ ಎಫ್‌ಡಿಎ ಅದನ್ನು ಅಂಗಡಿಯ ನೆಗಡಿ ಔಷಧಿಗಳ ಪಟ್ಟಿಯಿಂದ ತೆಗೆಯುವ ಪ್ರಸ್ತಾವ ಹೊರಡಿಸಿತು.

ಈಗ ಇದನ್ನು ಗರ್ಭಿಣಿಯ ಕಡೆಯಿಂದ ನೋಡಿ. ಯಾವುದೇ ಔಷಧಿಯಲ್ಲಿ ಲಾಭಕ್ಕೆ ಎದುರಾಗಿ ಅಪಾಯವನ್ನು ತೂಗಬೇಕು. ರಕ್ತನಾಳ ಬಿಗಿಮಾಡುವ ಔಷಧಿಯನ್ನು ಬಿಪಿ ಇರುವ ಗರ್ಭಿಣಿಗೆ ಕೊಡಲು ವೈದ್ಯರು ಹಿಂಜರಿಯುತ್ತಾರೆ. ನಮ್ಮಲ್ಲಿ ಗರ್ಭಿಣಿಯರ ಜೀವಕ್ಕೆ ಕುತ್ತು ತರುವ ದೊಡ್ಡ ಕಾರಣಗಳಲ್ಲಿ ಬಿಪಿಯೂ ಒಂದು. ಅಪಾಯ ಸಣ್ಣದೇ ಇರಬಹುದು, ಎಲ್ಲರಿಗೂ ಇಲ್ಲದಿರಬಹುದು. ಆದರೆ ಲಾಭ ಸೊನ್ನೆ ಆದಾಗ ಎಷ್ಟು ಅಪಾಯ ಒಪ್ಪಿಕೊಳ್ಳಬೇಕು? ಸೊನ್ನೆಯಿಂದ ಭಾಗಿಸಬಾರದು ಅಂತ ಹೈಸ್ಕೂಲಿನಲ್ಲೇ ಹೇಳಿಕೊಟ್ಟಿದ್ದರಲ್ಲ!

ಹಾಗಾದರೆ ಭಾರತ ಏನು ಮಾಡಿತು? 2023ರ ಡಿಸೆಂಬರಿನಲ್ಲಿ ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಮಿಶ್ರಣವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ಲೇಬಲ್ ಮೇಲೆ ಬರೆಯಲು ಕೇಂದ್ರದ ಔಷಧ ನಿಯಂತ್ರಕರು ಆದೇಶಿಸಿದರು. 2024ರ ಆಗಸ್ಟಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 156 ಮಿಶ್ರಣಗಳನ್ನು ಒಟ್ಟಿಗೆ ನಿಷೇಧಿಸಿತು. ಸೆಟ್ರಿಜಿನ್, ಪ್ಯಾರಸಿಟಮಾಲ್, ಫಿನೈಲೆಫ್ರಿನ್ ಸೇರಿದ ಮಾತ್ರೆ ಆ ಪಟ್ಟಿಯಲ್ಲಿದೆ. ಸೆಟ್ರಿಜಿನ್ ಜಾಗಕ್ಕೆ ಕ್ಲೋರ್‌ಫೆನಿರಮೈನ್ ಹಾಕಿದರೆ? ಅದು ಇವತ್ತಿಗೂ ಆರಾಮಾಗಿ ಸಿಗುತ್ತೆ. ನಿಷೇಧ ಬಂದದ್ದು ಒಂದೊಂದು ಮಿಶ್ರಣಕ್ಕೆ, ಕೆಲಸ ಮಾಡದ ಔಷಧಿಗಲ್ಲ.

ಈ ಮಿಶ್ರಣಗಳ ಕಥೆಗೆ ನಮ್ಮ ಬೆಳಗಾವಿಯ ನಂಟೂ ಇದೆ. ಕೇಂದ್ರದ ಒಪ್ಪಿಗೆಯನ್ನೇ ಪಡೆಯದೆ, ರಾಜ್ಯಗಳ ಲೈಸೆನ್ಸ್ ಇಟ್ಟುಕೊಂಡು ಸಾವಿರಾರು ಮಿಶ್ರಣಗಳು ಮಾರುಕಟ್ಟೆಗೆ ಬಂದಿದ್ದವು. 2012ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಇದನ್ನು ಎತ್ತಿ ತೋರಿಸಿದ ಮೇಲೆ, ಅವನ್ನು ಪರಿಶೀಲಿಸಲು ರಚನೆಯಾದ ಸಮಿತಿಯ ಅಧ್ಯಕ್ಷರಾಗಿದ್ದವರು ಬೆಳಗಾವಿಯ ಕೆಎಲ್ಇ ವಿಶ್ವವಿದ್ಯಾಲಯದ ಕುಲಪತಿ ಪ್ರೊ. ಸಿ.ಕೆ. ಕೊಕಾಟೆ. ಆರು ಸಾವಿರಕ್ಕೂ ಹೆಚ್ಚು ಮಿಶ್ರಣಗಳು ಆ ಸಮಿತಿಯ ಮುಂದೆ ಬಂದವು. ಅದರ ವರದಿಯ ಆಧಾರದಲ್ಲಿ 2016ರ ಮಾರ್ಚ್ 10ರಂದು 344 ಮಿಶ್ರಣಗಳಿಗೆ ನಿಷೇಧ ಬಿತ್ತು. ಟಿವಿ ಜಾಹೀರಾತಿನಲ್ಲಿ ಎಲ್ಲರೂ ನೋಡಿದ್ದ ವಿಕ್ಸ್ ಆ್ಯಕ್ಷನ್ 500 ಎಕ್ಸ್‌ಟ್ರಾ ಮಾರಾಟವನ್ನು ಕಂಪನಿ ಆಗಲೇ ನಿಲ್ಲಿಸಿತು. ಕಂಪನಿಗಳು ದೆಹಲಿ ಹೈಕೋರ್ಟಿಗೆ ಓಡಿದವು, ಡಿಸೆಂಬರಿನಲ್ಲಿ ನಿಷೇಧ ರದ್ದಾಯ್ತು. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ, ತಜ್ಞರ ಮಂಡಳಿಗೆ ವಾಪಸ್ ಬಂದು, 2018ರ ಸೆಪ್ಟೆಂಬರಿನಲ್ಲಿ 328 ಮಿಶ್ರಣಗಳ ನಿಷೇಧವಾಗಿ ಮುಗಿಯಿತು. ಎರಡೂವರೆ ವರ್ಷ! ಅಷ್ಟರೊಳಗೆ ಎಷ್ಟು ಬಸುರಿ, ಬಾಣಂತನ ಮುಗಿದು ಮಕ್ಕಳು ಅಂಗನವಾಡಿಗೆ ಹೋಗುವ ಹೊತ್ತಾಗಿರಬೇಕು.

ನೆಗಡಿ ಔಷಧಿಗೂ ಗರ್ಭಕ್ಕೂ ಇರುವ ಸಂಬಂಧದಲ್ಲಿ ಒಂದು ಭಯಂಕರ ಇತಿಹಾಸವೂ ಇದೆ. ಥಾಲಿಡೋಮೈಡ್ ಅಂದ ತಕ್ಷಣ ಗರ್ಭಿಣಿಯರ ವಾಂತಿಗೆ, ನಿದ್ದೆಗೆ ಕೊಟ್ಟು ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ್ದು ನೆನಪಾಗುತ್ತೆ. ಆದರೆ ಜರ್ಮನಿಯ ಗ್ರುನೆಂತಾಲ್ ಕಂಪನಿ ಅದನ್ನು 1956ರಲ್ಲಿ ಮೊದಲು ಮಾರಿದ್ದು ಗ್ರಿಪೆಕ್ಸ್ ಅನ್ನುವ ಹೆಸರಿನಲ್ಲಿ, ಶೀತ ಜ್ವರದ ಮಿಶ್ರಣ ಮಾತ್ರೆಯಾಗಿ. ಆ ದುರಂತದ ನೆರಳಿನಲ್ಲಿ 1977ರಲ್ಲಿ ಅಮೆರಿಕದ ಎಫ್‌ಡಿಎ, ಗರ್ಭ ಧರಿಸಬಲ್ಲ ವಯಸ್ಸಿನ ಹೆಂಗಸರನ್ನು ಆರಂಭದ ಔಷಧ ಪ್ರಯೋಗಗಳಿಂದಲೇ ಹೊರಗಿಡಲು ಹೇಳಿತು. ಅದು ವಾಪಸಾದದ್ದು 1993ರಲ್ಲಿ. ರಕ್ಷಿಸುವ ಹೆಸರಿನಲ್ಲಿ ಅವರ ಬಗ್ಗೆ ತಿಳಿದುಕೊಳ್ಳುವುದನ್ನೇ ಬಿಟ್ಟರು. ಈಗ ಗರ್ಭಿಣಿಯರ ಬಗ್ಗೆ ನಮಗಿರುವ ಹೆಚ್ಚಿನ ಜ್ಞಾನ ಬಂದಿರುವುದು ಪ್ರಯೋಗದಿಂದಲ್ಲ, ಔಷಧಿ ಈಗಾಗಲೇ ತಗೊಂಡುಬಿಟ್ಟ ಲಕ್ಷಾಂತರ ತಾಯಂದಿರ ದಾಖಲೆಗಳಿಂದ. ಆ ಜ್ಞಾನ ಕಡಿಮೆ ಏನಲ್ಲ. ಹೋಪ್ ಫಾರ್ಮಿನ ಕೌಂಟರಿಗೆ ಬಂದು ತಲುಪಿಲ್ಲ, ಅಷ್ಟೇ.

ಹಾಲುಣಿಸುವ ತಾಯಿಯ ವಿಷಯದಲ್ಲಿ ಲೆಕ್ಕ ಬೇರೆ. ಇಲ್ಲಿ ಹೆಚ್ಚಿನ ಔಷಧಿಗಳು ಹಾಲಿಗೆ ಹೋಗುವುದು ತೀರಾ ಸ್ವಲ್ಪ. ತಾಯಿಯ ತೂಕಕ್ಕೆ ಬೀಳುವ ಡೋಸಿನ ಶೇ 10ಕ್ಕಿಂತ ಕಡಿಮೆ ಮಗುವಿನ ತೂಕಕ್ಕೆ ಬಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ ಅಂತ ಪರಿಗಣಿಸುತ್ತಾರೆ. ಪ್ಯಾರಸಿಟಮಾಲ್, ಸೆಟ್ರಿಜಿನ್, ಲೊರಾಟಡಿನ್ ಈ ಲೆಕ್ಕದಲ್ಲಿ ಪಾಸು. ನಿದ್ದೆ ಬರಿಸುವ ಹಳೇ ಅಲರ್ಜಿ ಔಷಧಿ ಹೆಚ್ಚು ದಿನ ತಗೊಂಡರೆ ಮಗುವೂ ಮಂಕಾಗಿ, ಸರಿಯಾಗಿ ಹಾಲು ಕುಡಿಯದೆ ಮಲಗಬಹುದು. ಕೊಡೀನ್ ಇರುವ ಕೆಮ್ಮಿನ ಸಿರಪ್ ಮಾತ್ರ ಹಾಲುಣಿಸುವವರು ಮುಟ್ಟಲೇಬಾರದು. ಕೆಲವರ ದೇಹ ಕೊಡೀನನ್ನು ಬಹಳ ವೇಗವಾಗಿ ಮಾರ್ಫಿನ್ ಮಾಡುತ್ತೆ, ಅದು ಹಾಲಿಗೆ ಹೋದರೆ ಮಗುವಿನ ಉಸಿರಾಟಕ್ಕೇ ತೊಂದರೆ. 2017ರಲ್ಲಿ ಎಫ್‌ಡಿಎ ಈ ಎಚ್ಚರಿಕೆ ಕೊಟ್ಟಿತು. ಕೊಡೀನ್ ಮತ್ತು ಕ್ಲೋರ್‌ಫೆನಿರಮೈನ್ ಸೇರಿದ ಸಿರಪ್ ಅನ್ನು 2023ರ ಜೂನಿನಲ್ಲಿ ಭಾರತವೂ ನಿಷೇಧಿಸಿದೆ.

ಮಗುವಿಗೆ ಏನೂ ಆಗದೆ ಹಾಲೇ ಕಡಿಮೆಯಾಗುವ ಸಾಧ್ಯತೆಯೂ ಇದೆ. ಇದರ ಬಗ್ಗೆ ಯಾರೂ ಹೇಳಲ್ಲ. ಮೂಗು ಬಿಡಿಸುವ ಇನ್ನೊಂದು ಔಷಧಿ ಸ್ಯೂಡೋಎಫೆಡ್ರಿನ್. ಆಸ್ಟ್ರೇಲಿಯಾದ ಸಂಶೋಧಕರು ಹಾಲುಣಿಸುವ ಎಂಟು ತಾಯಂದಿರಿಗೆ ಅದರ 60 ಮಿಲಿಗ್ರಾಮಿನ ಒಂದೇ ಒಂದು ಡೋಸ್ ಕೊಟ್ಟು ಅಳೆದಾಗ, ಒಂದು ದಿನದ ಹಾಲು ಸರಾಸರಿ ಶೇ 24ರಷ್ಟು ಇಳಿದಿತ್ತು. 2003ರಲ್ಲಿ ಪ್ರಕಟವಾದ ಅಧ್ಯಯನ ಅದು, ಸಣ್ಣದು ನಿಜ. ಮಾದಕವಸ್ತು ತಯಾರಿಕೆಗೂ ಬಳಕೆಯಾಗುವುದರಿಂದ ಸ್ಯೂಡೋಎಫೆಡ್ರಿನ್ ಮೇಲೆ ನಮ್ಮಲ್ಲಿ ನಿಯಂತ್ರಣವಿದೆ. ಆದರೂ ಕೆಲವು ಅಲರ್ಜಿ ಮಿಶ್ರಣಗಳಲ್ಲಿ ಇದೆ. ಬೆಳಿಗ್ಗೆ ಆರಕ್ಕೆ ಮಗುವನ್ನು ಅತ್ತೆ ಹತ್ತಿರ ಬಿಟ್ಟು ಟೆಕ್‌ಪಾರ್ಕಿಗೆ ಹೊರಡುವ ಹೆಂಗಸಿಗೆ ನಾಲ್ಕನೇ ಒಂದು ಭಾಗ ಹಾಲು ಇಳಿದರೆ, ಅದು ಮಾತ್ರೆಯಿಂದ ಅಂತ ಹೊಳೆಯುವುದು ಹೇಗೆ? "ನಂಗೆ ಹಾಲೇ ಸಾಲ್ತಿಲ್ಲ" ಅಂದುಕೊಂಡು ಪುಡಿ ಡಬ್ಬಿ ತರುತ್ತಾಳೆ. 50 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತ 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ನಿಯಮ ತಂದಿತು. ಆ ಗಾಜಿನ ಕಟ್ಟಡದ ಕ್ರೆಶ್‌ನಲ್ಲಿ ಏಜೆನ್ಸಿ ಮೂಲಕ ಬಂದ ಹೌಸ್‌ಕೀಪಿಂಗ್ ಅಕ್ಕನ ಮಗುವನ್ನು ನೀವು ಯಾವತ್ತಾದರೂ ನೋಡಿದ್ದೀರಾ?

ಮನೆಯ ಹಿರಿಯರ ಸಲಹೆಯಲ್ಲಿ ಒಂದನ್ನು ಇಲ್ಲೇ ಹೇಳಿಬಿಡುತ್ತೇನೆ. ಬಾಣಂತಿಗೆ ಶೀತ ಆದರೆ ಹಾಲು ಕೊಡಬೇಡ, ಮಗುವಿಗೂ ಶೀತ ಹತ್ತುತ್ತೆ ಅಂತಾರೆ. ತಪ್ಪು. ಶೀತ ಹತ್ತುವುದು ಸೀನಿನಿಂದ, ಕೈಯಿಂದ. ಹಾಲಿನಲ್ಲಿ ಮಗುವಿಗೆ ಹೋಗುವುದು ಆ ಸೋಂಕಿನ ವಿರುದ್ಧದ ರಕ್ಷಣೆ. ಕೈ ತೊಳೆದು, ಮಾಸ್ಕ್ ಹಾಕಿ ಹಾಲು ಕೊಡಬೇಕು.

ಇನ್ನು ಮೊದಲನೆಯ ಹೆಂಗಸಿನ ಸಂಗತಿ. "ಏನೂ ತಗೋಬೇಡಿ" ಅನ್ನೋದು ಸುರಕ್ಷಿತ ಸಲಹೆಯ ಹಾಗೆ ಕೇಳಿಸುತ್ತೆ. ಅದು ಕೊಡುವವರಿಗೆ ಸುರಕ್ಷಿತ. ಮೊದಲ ಮೂರು ತಿಂಗಳಲ್ಲಿ ಇಳಿಸದೆ ಬಿಟ್ಟ ಜೋರು ಜ್ವರಕ್ಕೂ ಮಗುವಿನ ಮೆದುಳುಬಳ್ಳಿಯ ದೋಷಕ್ಕೂ ನಂಟಿದೆ. ಅಸ್ತಮಾ ಇರುವವರು ಹೆದರಿ ಇನ್‌ಹೇಲರ್ ನಿಲ್ಲಿಸಿದರೆ ಆಮ್ಲಜನಕ ಕಡಿಮೆಯಾಗುವುದು ಇಬ್ಬರಿಗೂ. ಗರ್ಭಿಣಿಯರಿಗೆ ಫ್ಲೂ ಬಂದರೆ ಉಳಿದವರಿಗಿಂತ ಬಿಗಡಾಯಿಸುವುದು ಹೆಚ್ಚು. ಅದಕ್ಕೇ ಅವರಿಗೆ ಫ್ಲೂ ಲಸಿಕೆ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಈ ಹೆದರಿಕೆಗೆ ತುಪ್ಪ ಸುರಿದದ್ದು ಡೊನಾಲ್ಡ್ ಟ್ರಂಪ್. 2025ರ ಸೆಪ್ಟೆಂಬರ್ 22ರಂದು ಗರ್ಭಿಣಿಯರು ಪ್ಯಾರಸಿಟಮಾಲ್ ತಗೊಂಡರೆ ಮಗುವಿಗೆ ಆಟಿಸಂ ಬರುತ್ತೆ ಅನ್ನುವ ಅರ್ಥದಲ್ಲಿ ಶ್ವೇತಭವನದಿಂದಲೇ ಮಾತಾಡಿದರು. ಮರುದಿನ ಬೆಳಿಗ್ಗೆಗೆ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟ್ ವಾಟ್ಸ್ಆ್ಯಪ್ ಗುಂಪುಗಳಲ್ಲಿ "ಡೋಲೊ ತಗೊಂಡುಬಿಟ್ಟಿದ್ದೀನಿ, ಏನು ಮಾಡ್ಲಿ" ಅನ್ನುವ ಮೆಸೇಜುಗಳು. ಡೋಲೊ ತಯಾರಿಸುವ ಮೈಕ್ರೋ ಲ್ಯಾಬ್ಸ್ ಬೆಂಗಳೂರಿನದೇ ಕಂಪನಿ, ಜ್ವರಕ್ಕೆ ಇಲ್ಲಿ ಅದೇ ಹೆಸರು. ಅಸಲಿಗೆ 2024ರಲ್ಲೇ ಸ್ವೀಡನ್ನಿನ ಸುಮಾರು 25 ಲಕ್ಷ ಮಕ್ಕಳ ದಾಖಲೆ ಆಧರಿಸಿದ ಅಧ್ಯಯನ ಬಂದಿತ್ತು. ಒಂದೇ ತಾಯಿಯ ಮಕ್ಕಳಲ್ಲಿ, ಔಷಧಿ ತಗೊಂಡ ಬಸುರಿನ ಮಗುವನ್ನೂ ತಗೊಳ್ಳದ ಬಸುರಿನ ಮಗುವನ್ನೂ ಹೋಲಿಸಿದಾಗ ಯಾವ ಸಂಬಂಧವೂ ಕಂಡಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಟ್ರಂಪ್ ಮಾತಿಗೆ ಆಧಾರವಿಲ್ಲ ಅಂತು. ಗಾಳಿಸುದ್ದಿ ಅಷ್ಟು ಬೇಗ ಹಬ್ಬಿದ್ದು ಸ್ಟ್ರಿಪ್ ಮೇಲಿನ ಖಾಲಿ ಜಾಗದಿಂದಾಗಿಯೇ.

ಪ್ಯಾರಸಿಟಮಾಲಿನ ನಿಜವಾದ ಅಪಾಯ ಬೇರೆ ಕಡೆ ಇದೆ, ಅದು ಬರೀ ಕೂಡುವ ಲೆಕ್ಕ. 650ರ ಮಾತ್ರೆ ದಿನಕ್ಕೆ ನಾಲ್ಕು ಸಲ ಅಂದರೆ 2,600 ಮಿಲಿಗ್ರಾಂ. ಜೊತೆಗೆ ನೆಗಡಿ ಮಾತ್ರೆ ನಾಲ್ಕು ಸಲ, ಅದರಲ್ಲಿ ತಲಾ 500, ಅಲ್ಲಿಗೆ ಇನ್ನೂ 2,000. ಒಟ್ಟು 4,600. ದಿನದ ಗರಿಷ್ಠ ಮಿತಿ 4,000. ಎರಡೂ ಬೇರೆ ಬೇರೆ ಮಾತ್ರೆ ಅಂತ ನಂಬಿ ತಗೊಂಡವರಿಗೆ ಲಿವರ್ ಪೆಟ್ಟು.

ಇದೇ ರೀತಿ ಕಾಣದೆ ಒಳಗೆ ಬರುವ ಇನ್ನೊಂದು ಗುಂಪು ಐಬುಪ್ರೊಫೆನ್, ಡೈಕ್ಲೋಫಿನಾಕ್, ಅಸಿಕ್ಲೋಫಿನಾಕ್ ತರಹದ ನೋವಿನ ಔಷಧಿಗಳು. "ಮೈಕೈ ನೋವೂ ಇದೆ" ಅಂದರೆ ಅಂಗಡಿಯಲ್ಲಿ ಇವು ಸಿಗುತ್ತವೆ. ಇಪ್ಪತ್ತು ವಾರ ದಾಟಿದ ಮೇಲೆ ಇವು ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಕೊಟ್ಟು ಸುತ್ತಲಿನ ನೀರು ಕಡಿಮೆ ಮಾಡಬಹುದು ಅಂತ 2020ರಲ್ಲಿ ಎಫ್‌ಡಿಎ ಎಚ್ಚರಿಸಿದೆ. ಮೂವತ್ತು ವಾರದ ನಂತರ ಮಗುವಿನ ಹೃದಯದ ರಕ್ತನಾಳಕ್ಕೂ ಅಪಾಯ.

ಹಾಗಾದರೆ ಏನು ಮಾಡಬೇಕು ಅಂತ ಕೇಳುವವರಿಗೆ: ನಾನು ಡಾಕ್ಟರಲ್ಲ, ಆದರೆ ಅವರು ಸಾಮಾನ್ಯವಾಗಿ ಶುರುಮಾಡುವ ಕ್ರಮ ಗುಟ್ಟೇನಲ್ಲ. ಉಪ್ಪುನೀರಿನ ಮೂಗಿನ ಸ್ಪ್ರೇ, ದಿಂಬು ಎತ್ತರ ಮಾಡಿ ಮಲಗುವುದು, ಕೆಮ್ಮಿಗೆ ಜೇನುತುಪ್ಪ. ಅಲರ್ಜಿ ಬಿಡದಿದ್ದರೆ ಸೆಟ್ರಿಜಿನ್ ಅಥವಾ ಲೊರಾಟಡಿನ್ ಒಂಟಿಯಾಗಿ, ಇಲ್ಲವೇ ಬುಡೆಸೊನೈಡ್ ಸ್ಪ್ರೇ. ಜ್ವರಕ್ಕೆ ಪ್ಯಾರಸಿಟಮಾಲ್ ಒಂಟಿಯಾಗಿ. "ಒಂಟಿಯಾಗಿ" ಅನ್ನೋದೇ ಇಲ್ಲಿ ಮುಖ್ಯ ಪದ. ಮಿಶ್ರಣ ಕೊಟ್ಟರೆ ಬೇಡ ಅನ್ನಿ, ಮಾತ್ರೆ ಒಂದೇ ಬೇಕಿದ್ದರೂ ಹೆಸರಿರುವ ತುಂಡಿನ ಫೋಟೋ ತಗೊಳ್ಳಿ. ಎರಡು ದಿನಕ್ಕೂ ಜ್ವರ ಇಳಿಯದಿದ್ದರೆ, ಏದುಸಿರು ಬಂದರೆ, ಮಗು ಮಿಸುಕುವುದು ಕಡಿಮೆ ಅನಿಸಿದರೆ ನೇರ ಆಸ್ಪತ್ರೆಗೆ ಹೋಗಿ. ಶುಂಠಿ, ಮೆಣಸಿನ ಕಷಾಯಕ್ಕೆ ನನ್ನ ತಕರಾರಿಲ್ಲ. ಆದರೆ ದಿನಾ ಅತಿಮಧುರ ಹಾಕಿ ಕುಡಿಯುವವರು ಒಂದು ಮಾತು ಕೇಳಿ: ಫಿನ್ಲೆಂಡಿನಲ್ಲಿ ಗರ್ಭಿಣಿಯರಿಗೆ ಅದೇ ಗಿಡದ ಮಿಠಾಯಿ ಬೇಡ ಅಂತ ಸರ್ಕಾರವೇ ಹೇಳುತ್ತೆ. ನಾಟಿ ಔಷಧಿಗೂ ಡೇಟಾಶೀಟ್ ಬೇಕು. ಇನ್ನೊಂದು ಸಂಗತಿ, ಸುಮಾರು ಐವರು ಗರ್ಭಿಣಿಯರಲ್ಲಿ ಒಬ್ಬರಿಗೆ ಸೋಂಕೇ ಇಲ್ಲದೆ ವಾರಗಟ್ಟಲೆ ಮೂಗು ಕಟ್ಟಿರುತ್ತೆ, ಹೆರಿಗೆಯಾದ ಮೇಲೆ ತಾನೇ ಬಿಡುತ್ತೆ. ವರ್ತೂರು, ಕಾಡುಗೋಡಿ ಕಡೆಯ ಕಟ್ಟಡಗಳ ಧೂಳು, ಖಾಲಿ ಸೈಟುಗಳ ಕಾಂಗ್ರೆಸ್ ಗಿಡ (ಪಕ್ಷಕ್ಕೂ ಇದಕ್ಕೂ ಸಂಬಂಧವಿಲ್ಲ) ಅದರ ಮೇಲೆ ಬೇರೆ.

ಈಗ ರಾಜಕೀಯಕ್ಕೆ ಬರೋಣ. ಔಷಧಿಯ ಸುರಕ್ಷತೆ ನಮ್ಮಲ್ಲಿ ಸುದ್ದಿಯಾಗುವುದು ಹೆಣ ಬಿದ್ದ ಮೇಲೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬೊಬ್ಬರಾಗಿ ಸತ್ತು, ಸಂಖ್ಯೆ ಐದಕ್ಕೆ ಹೋದಾಗ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟ ವಿಧಾನಸಭೆಗೆ ಬಂತು. 2025ರ ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಛಿಂದ್ವಾರದಲ್ಲಿ ಕೋಲ್ಡ್ರಿಫ್ ಸಿರಪ್ ಕುಡಿದ ಮಕ್ಕಳು ಸತ್ತ ಮೇಲೆ ಹಲವು ರಾಜ್ಯಗಳು ಸುತ್ತೋಲೆ ಹೊರಡಿಸಿದವು. ಎರಡೂ ಕಲಬೆರಕೆ, ಗುಣಮಟ್ಟದ ಪ್ರಶ್ನೆಗಳು. ಮಾಹಿತಿ ಇಲ್ಲದ್ದರಿಂದ ಆಗುವ ಹಾನಿಗೆ ಹೆಣ ಸಿಗುವುದಿಲ್ಲ, ಹಾಗಾಗಿ ಸುತ್ತೋಲೆಯೂ ಇಲ್ಲ.

2023ರ ಆಗಸ್ಟ್ 1ರಿಂದ ದೇಶದ 300 ಪ್ರಮುಖ ಬ್ರಾಂಡುಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯ. ಸ್ಕ್ಯಾನ್ ಮಾಡಿದರೆ ಔಷಧಿಯ ಹೆಸರು, ಕಂಪನಿ, ಬ್ಯಾಚ್, ತಯಾರಿಕೆಯ ದಿನ, ಅವಧಿ ಮುಗಿಯುವ ದಿನ, ಲೈಸೆನ್ಸ್ ನಂಬರ್ ಕಾಣಬೇಕು ಅಂತ ನಿಯಮ. ಗರ್ಭಿಣಿ, ಬಾಣಂತಿ ಅನ್ನುವ ಪದ ಆ ಪಟ್ಟಿಯಲ್ಲಿಲ್ಲ. 2019ರ ಹೊಸ ಔಷಧಗಳ ನಿಯಮಗಳ ಪ್ರಕಾರ ಗರ್ಭಿಣಿಯರ ಬಗ್ಗೆ ಮಾಹಿತಿ ಬರೆಯಬೇಕಾದ್ದು ವೈದ್ಯರಿಗಾಗಿ ಸಿದ್ಧಪಡಿಸುವ ದಾಖಲೆಯಲ್ಲಿ. ಅಂದರೆ ಕಂಪನಿಯ ಹತ್ತಿರ ಮಾಹಿತಿ ಇದೆ, ಕೋಡ್ ಹಾಕುವ ಜಾಗ ಇದೆ, ನೋಡುವ ಫೋನ್ ಎಲ್ಲರ ಕೈಯಲ್ಲೂ ಇದೆ. ಇವನ್ನು ಜೋಡಿಸುವ ಒಂದು ಸಾಲಿನ ತಿದ್ದುಪಡಿ ಮಾತ್ರ ಇಲ್ಲ. ಔಷಧಿ ಮಾರುವ ಆ್ಯಪ್‌ಗಳನ್ನು ಕೇಳೋಣ ಅಂದರೆ, ಆನ್‌ಲೈನ್ ಔಷಧಿ ಮಾರಾಟದ ಕರಡು ನಿಯಮ 2018ರ ಆಗಸ್ಟಿನಿಂದ ಕರಡಾಗಿಯೇ ಕೂತಿದೆ.

ಕನ್ನಡದ ಮಾತು ಇದಕ್ಕಿಂತ ಹತ್ತಿರದ್ದು. 2023ರ ಡಿಸೆಂಬರಿನಲ್ಲಿ ಅಂಗಡಿ ಬೋರ್ಡುಗಳಲ್ಲಿ ಶೇ 60 ಕನ್ನಡ ಬೇಕು ಅಂತ ಬೆಂಗಳೂರಿನಲ್ಲಿ ದೊಡ್ಡ ಗಲಾಟೆಯಾಯಿತು. ಹೋಪ್ ಫಾರ್ಮಿನ ಆ ಮೆಡಿಕಲ್ ಶಾಪ್ ಬೋರ್ಡ್ ಈಗ ಕನ್ನಡದಲ್ಲೇ ಇದೆ, ಸಂತೋಷ. ಒಳಗೆ ಕೊಡುವ ಒಂದು ಸ್ಟ್ರಿಪ್ಪಿನಲ್ಲೂ ಒಂದು ಕನ್ನಡ ಅಕ್ಷರ ಇಲ್ಲ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ರಾಜ್ಯದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ವಸ್ತುಗಳ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು ಅನ್ನುತ್ತೆ. 2025ರ ಫೆಬ್ರವರಿಯಲ್ಲಿ ಸರ್ಕಾರ ಅದನ್ನು ನೆನಪಿಸಿ ಆದೇಶವನ್ನೂ ಮಾಡಿತು. ಔಷಧಿ ಲೇಬಲ್ ಕೇಂದ್ರದ ಕಾನೂನಿಗೆ ಸೇರಿದ್ದು ಅಂತ ಅಧಿಕಾರಿಗಳು ಹೇಳಬಹುದು. ಸರಿ, ಕರ್ನಾಟಕ ಆ್ಯಂಟಿಬಯೋಟಿಕ್ಸ್ ಆ್ಯಂಡ್ ಫಾರ್ಮಾಸ್ಯುಟಿಕಲ್ಸ್ ಅನ್ನುವ ಕಾರ್ಖಾನೆ ಪೀಣ್ಯದಲ್ಲೇ ಇದೆಯಲ್ಲ, ಕೇಂದ್ರ ಮತ್ತು ರಾಜ್ಯ ಎರಡೂ ಸರ್ಕಾರಗಳ ಒಡೆತನದ್ದು. ಕನ್ನಡದ ಒಂದು ಚೀಟಿ ಜೊತೆಗಿಡಲು ಅಲ್ಲಿಂದ ಶುರುಮಾಡೋಕೆ ಯಾರ ಅಪ್ಪಣೆ ಬೇಕು?

ಅದೂ ಕಷ್ಟ ಅಂದರೆ ತಾಯಿ ಕಾರ್ಡ್ ಇದೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಹೆಸರು ನೋಂದಾಯಿಸುವ, ಪ್ರತಿ ತಪಾಸಣೆಗೂ ಗರ್ಭಿಣಿ ಕೈಯಲ್ಲಿ ಹಿಡಿದು ಬರುವ ಕಾರ್ಡ್. ಅದು ಪೂರ್ತಿ ರಾಜ್ಯದ್ದೇ ಕೆಲಸ. ನೆಗಡಿ, ಕೆಮ್ಮು, ಅಲರ್ಜಿ, ಜ್ವರ, ತಲೆನೋವಿಗೆ ಯಾವ ಔಷಧಿ ಆಗುತ್ತೆ, ಯಾವುದು ಎಷ್ಟನೇ ತಿಂಗಳಲ್ಲಿ ಬೇಡ, ಹಾಲುಣಿಸುವಾಗ ಯಾವುದು ಬೇಡ ಅನ್ನುವ ಒಂದು ಪುಟವನ್ನು ವಾಣಿವಿಲಾಸ ಆಸ್ಪತ್ರೆಯ ವೈದ್ಯರು ಒಂದು ಮಧ್ಯಾಹ್ನ ಕೂತರೆ ಬರೆದುಕೊಡಬಲ್ಲರು. ಅದರ ಕೆಳಗೆ, ಔಷಧಿಯಿಂದ ತೊಂದರೆಯಾದರೆ ಯಾರು ಬೇಕಾದರೂ ದೂರು ಕೊಡಬಹುದಾದ ರಾಷ್ಟ್ರೀಯ ಉಚಿತ ಸಹಾಯವಾಣಿ 1800-180-3024 ಅನ್ನೂ ಅಚ್ಚು ಹಾಕಬಹುದು. ಆ ವ್ಯವಸ್ಥೆ ಇದೆ, ಹೇಳಿದವರಿಲ್ಲ.

ನನ್ನ ಸರದಿ ಬಂದಾಗ ಆ ಡ್ರಾಯರಿನಲ್ಲಿದ್ದ ಉಳಿದ ಸ್ಟ್ರಿಪ್ ತೋರಿಸು ಅಂತ ಹುಡುಗನನ್ನು ಕೇಳಿದೆ. ತೋರಿಸಿದ. ಪ್ಯಾರಸಿಟಮಾಲ್, ಕ್ಲೋರ್‌ಫೆನಿರಮೈನ್, ಫಿನೈಲೆಫ್ರಿನ್. ಫೋನಿನ ಟಾರ್ಚ್ ಹಾಕಿ ಓದಬೇಕಾಯಿತು. "ಸಿಪ್ಪೆ ಮೇಲೆ ಏನಿದೆ ಅಂತ ಯಾರೂ ಕೇಳಲ್ಲ" ಅಂದ. ಆಮೇಲೆ ಅವನೂ ಒಮ್ಮೆ ಬೆಳಕಿಗೆ ಹಿಡಿದು ಓದಿ, "ಹಾಲು ಕೊಡೋರಿಗೆ ಇದು ಆಗುತ್ತಾ?" ಅಂತ ನನ್ನನ್ನೇ ಕೇಳಿದ.